ಎಇ ಪರೀಕ್ಷೆಗೆ ಯಾರನ್ನು ಕರೆಸೋದು, 8 ಚಾನೆಲ್‌ನವರನ್ನೋ 24ರವರನ್ನೋ?

ಸ್ಥಾವರದವ: ಕಾರ್ಬನ್ ಸ್ಟೀಲ್ ಪ್ರೆಷರ್ ವೆಸೆಲ್, 12 ಮೀಟರ್ ಉದ್ದ, 3 ಮೀಟರ್ ವ್ಯಾಸ. ಒತ್ತಡ ಏರಿಸಿದಾಗ ಬಿರುಕು ಹೊರಡಿಸೋ ಸದ್ದನ್ನು ಮೈಮೇಲೆ ಅಂಟಿಸಿದ ಸೆನ್ಸರ್‌ಗಳಿಂದ ಕೇಳೋ ಅಕೌಸ್ಟಿಕ್ ಎಮಿಷನ್ (ಎಇ) ಪರೀಕ್ಷೆಗೆ ಎರಡು ಕೊಟೇಶನ್ ಬಂದಿವೆ. ಒಬ್ಬರದ್ದು 8 ಚಾನೆಲ್ (ಚಾನೆಲ್‌ಗೊಂದು ಸೆನ್ಸರ್), ಅಗ್ಗ. ಇನ್ನೊಬ್ಬರದ್ದು 24. ಯಾರಿಗೆ ಕೊಡೋದು?

ಲೆವೆಲ್‌ಮೂರು: ಚಾನೆಲ್ ಎಣಿಸಬೇಡಿ. ನಿಮ್ಮ ವೆಸೆಲ್ ಮೇಲೇ ಅಟೆನ್ಯುಯೇಶನ್ (ದೂರ ಹೋದಂತೆ ಸದ್ದು ಕುಗ್ಗೋದು) ಅಳೆದು ಸೆನ್ಸರ್ ಅಂತರ ಗೊತ್ತು ಮಾಡ್ತಾರಾ ಕೇಳಿ. ಬಿರುಕಿನ ಸದ್ದಿಗೆ ಬದಲಿಯಾಗಿ 0.5 ಮಿಮೀ ದಪ್ಪದ 2ಎಚ್ ಪೆನ್ಸಿಲ್ ಕಡ್ಡಿಯನ್ನು 3 ಮಿಮೀ ಹೊರಚಾಚಿ ಎಲ್ಲಿ ಮುರಿದರೂ ಆ ಸದ್ದು ಕನಿಷ್ಠ 3 ಸೆನ್ಸರ್‌ಗಳಲ್ಲಿ ಥ್ರೆಶೋಲ್ಡ್ (ಲೆಕ್ಕಕ್ಕೆ ಬರೋ ಕನಿಷ್ಠ ಮಟ್ಟ) ದಾಟಬೇಕು. ಇಲ್ಲದಿದ್ರೆ ಸದ್ದಿನ ಮೂಲದ ಜಾಗ ಸಿಗಲ್ಲ. ಒತ್ತಡ ಎಷ್ಟಕ್ಕೆ ಏರಿಸ್ತಾರೆ ಅನ್ನೋದನ್ನೂ ಕೇಳಿ. ಕೈಸರ್ ಪರಿಣಾಮ ಇದೆಯಲ್ಲ, ಹಿಂದೆ ಕಂಡ ಒತ್ತಡ ದಾಟೋವರೆಗೆ ಉಕ್ಕು ಹೆಚ್ಚುಕಮ್ಮಿ ಬಾಯಿ ಬಿಡಲ್ಲ.

ಬೆಸುಗೆಕಣ್ಣು: "0.5 ಮಿಮೀ"? 0.3 ಅಲ್ವಾ ಸ್ವಾಮಿ? ಕಡ್ಡಿ ದಪ್ಪ ಗೊತ್ತಿಲ್ಲದೋರು ಕಂಪನಿ ತೂಗೋಕೆ ಹೊರಟಿದ್ದಾರೆ.

ಲೆವೆಲ್‌ಮೂರು: ಎರಡೂ ರೂಢಿಯಲ್ಲಿವೆ.

ಬೆಸುಗೆಕಣ್ಣು: "ಎರಡೂ" ಅಂದ್ಬಿಟ್ರೆ ಆಯ್ತಾ? 0.5 ಮುರಿಯೋಕೆ ಬಲ ಜಾಸ್ತಿ, ಸಿಗ್ನಲ್ಲೂ ದೊಡ್ಡದು. ದಪ್ಪ ಕಡ್ಡಿ ಮುರಿದು ತೋರಿಸಿ, ಸೆನ್ಸರ್ ದೂರದೂರ ಅಂಟಿಸಿ, 8ರಲ್ಲೇ ಕೈತೊಳೆಯೋ ಆಟ ಇದು.

ಲೆವೆಲ್‌ಮೂರು: ದಪ್ಪ ಹೆಚ್ಚಿದ್ರೆ ದೂರಕ್ಕೆ ಸದ್ದು ಇಳಿಯೋ ಕರ್ವ್ ಇಡಿಯಾಗಿ ಮೇಲೇರುತ್ತೆ, ಇಳಿಜಾರು ಅದೇ. ಅಟೆನ್ಯುಯೇಶನ್ ಅಂದ್ರೆ ಇಳಿಜಾರು ಕಣ್ರೀ.

ಬೆಸುಗೆಕಣ್ಣು: ಥ್ರೆಶೋಲ್ಡ್ ಹಾಕೋದು ಇಳಿಜಾರಿಗಾ? ಕರ್ವ್ ಮೇಲೇರಿದ್ರೆ ಅದು 40 ಡಿಬಿ ಗೆರೆಗೆ ಇಳಿಯೋ ದೂರವೂ ಹೆಚ್ಚುತ್ತೆ. ಸೆನ್ಸರ್ ಅಂತರ ಬರೋದು ಆ ದೂರದಿಂದಲೇ.

ಸದ್ದುಗಾರ: ಇಬ್ಬರೂ ಕಡ್ಡಿ ಕೆಳಗಿಡಿ. ಕಡ್ಡಿಯ ಕೋನ ಕಾಯೋ ಗೈಡ್ ರಿಂಗ್ ಇಲ್ಲದೆ ಕೋನ ತಪ್ಪಿದ್ರೆ 0.3, 0.5 ಎರಡೂ ದಂಡ. ನೋಡಬೇಕಾದ್ದು ಬೇರೆ: ಸೆನ್ಸರ್ ಕೂರಿಸಿದ ಮೇಲೆ ಪ್ರತಿಯೊಂದರ ಪಕ್ಕ 3 ಸಲ ಕಡ್ಡಿ ಮುರಿದು, ಸರಾಸರಿಯಿಂದ 4 ಡಿಬಿಗಿಂತ ಆಚೆ ಹೋದದ್ದನ್ನು ಕಪ್ಲಂಟ್ (ಸೆನ್ಸರ್ ಕೆಳಗೆ ಹಚ್ಚೋ ಗ್ರೀಸಿನಂಥ ಪದರ) ಒರೆಸಿ ಮತ್ತೆ ಕೂರಿಸ್ತಾರಾ? ಪರೀಕ್ಷೆ ಮುಗಿದ ಮೇಲೂ ಅದನ್ನೇ ಮಾಡಿ ಬರೆದಿಡ್ತಾರಾ? ಸೋರೋ ವಾಲ್ವ್, ಸಡಿಲ ಸಪೋರ್ಟ್, ಪಂಪ್ ಇವುಗಳ ಸದ್ದನ್ನು ಒತ್ತಡ ಏರಿಸೋ ಮೊದಲೇ ಕೇಳಿ ನೋಡ್ತಾರಾ? ಸಹಿ ಹಾಕೋರಿಗೆ ಎಇಯಲ್ಲೇ ಸರ್ಟಿಫಿಕೇಟ್ ಇರಲಿ. ಅಲ್ಟ್ರಾಸೋನಿಕ್ ಪರೀಕ್ಷೆಯ ಲೆವೆಲ್ 3 (ಮೇಲಿನ ದರ್ಜೆಯ) ಸರ್ಟಿಫಿಕೇಟ್ ತೋರಿಸಿದ್ರೆ ಒಪ್ಪಬೇಡಿ.

ಬೆಸುಗೆಕಣ್ಣು: "ಎರಡೂ ದಂಡ"ವಂತೆ! ರಿಂಗ್ ಹಾಕಿದ್ರೆ ದಂಡ ಅಲ್ಲ ತಾನೆ? ಹಾಗಾದ್ರೆ 0.3 ಅಂತ ಒಪ್ಪಿಕೊಳ್ಳಿ.

ಸ್ಥಾವರದವ: 8ರವರು ಬಿರುಕಿನ ಆಳವನ್ನೂ ಕೊಡ್ತೀವಿ ಅಂತಿದ್ದಾರೆ. 24ರವರು ಒತ್ತಡ ಏರಿಸೋದೇ ಬೇಡ, ಈಗ ಓಡ್ತಿರೋ ಒತ್ತಡದಲ್ಲೇ 2 ಗಂಟೆ ಕೇಳಿದ್ರೆ ಸಾಕು ಅಂತಾರೆ.

ಲೆವೆಲ್‌ಮೂರು: ಆಳ ಅಂದೋರನ್ನು ಅಲ್ಲಿಗೇ ಬಿಡಿ. ಎಇ ಜಾಗ ತೋರಿಸುತ್ತೆ, ಚಟುವಟಿಕೆ ತೋರಿಸುತ್ತೆ. ಆಳ ಅಳೆಯೋಕೆ ಆ ಜಾಗದಲ್ಲಿ ಫೇಸ್ಡ್ ಅರೇ ಇಲ್ಲಾ ಟಿಒಎಫ್‌ಡಿ ಅನ್ನೋ ಅಲ್ಟ್ರಾಸೋನಿಕ್ ಪರೀಕ್ಷೆ ಮಾಡಿಸಬೇಕು. ಬೆಳೆಯದೆ ಕೂತ ಬಿರುಕು ಎಇಗೆ ಕೇಳೋದೇ ಇಲ್ಲ.

ಬೆಸುಗೆಕಣ್ಣು: "ಕೇಳೋದೇ ಇಲ್ಲ"? ಬಿರುಕಿನ ಮುಖಗಳು ಉಜ್ಜಿದ್ರೂ, ಒಳಗಿನ ತುಕ್ಕು ಒಡೆದ್ರೂ ಸದ್ದು ಬರುತ್ತೆ.

ಲೆವೆಲ್‌ಮೂರು: ಆ ಸದ್ದನ್ನೇ ನಂಬಿ ನೀವು ಟೆಂಡರ್ ಕೊಡಿ.

ಸದ್ದುಗಾರ: 24ರವರ "ಸಾಕು" ಸಾಲದು. ಕಳೆದ ವರ್ಷ ವೆಸೆಲ್ ಕಂಡ ಗರಿಷ್ಠ ಒತ್ತಡದ ಮೇಲೆ ಶೇ. 5ರಿಂದ 10 ಏರಿಸಿ, ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸಿ ಕೇಳಬೇಕು. ಒತ್ತಡ ನಿಂತ ಹೊತ್ತಲ್ಲೂ ಸದ್ದು ನಿಲ್ಲದಿದ್ರೆ ಅದೇ ಅಪಾಯದ ಗುರುತು. ಇಬ್ಬರ ಪ್ರೊಸೀಜರನ್ನೂ ವಾಪಸ್ ಕಳಿಸಿ, ತಿದ್ದಿ ತರಲಿ.

ಬೆಸುಗೆಕಣ್ಣು: ಕಳಿಸುವಾಗ ಕಡ್ಡಿ ಎಷ್ಟು ದಪ್ಪದ್ದು ಅಂತಲೂ ಕೇಳಿ.