ಸಹಾಯ ಬೇಕು: ಫ್ರೀಬಿಎಸ್‌ಡಿ ಮೊದಲಿಂದ ಕಲಿಯೋಕೆ ಕನ್ನಡದಲ್ಲಿ ಏನಾದ್ರೂ ಇದ್ಯಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟ. ಅಕ್ಕನ ಮಗಳು ಬಿಸಿಎ ಓದ್ತಿದ್ದಾಳೆ, ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮಾಧ್ಯಮ. ಹಳೇ ಲ್ಯಾಪ್‌ಟಾಪಿಗೆ ಸೀನಿಯರ್ ಒಬ್ಬರು ಫ್ರೀಬಿಎಸ್‌ಡಿ (ವಿಂಡೋಸ್, ಲಿನಕ್ಸ್ ಥರದ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಹಾಕಿಕೊಟ್ಟಿದ್ದಾರೆ. ಮೊದಲ ದಿನವೇ ಕಪ್ಪು ಪರದೆ ಮುಂದೆ ಕೂತು ಅತ್ತುಬಿಟ್ಟಳು. ಪಾಸ್‌ವರ್ಡ್ ಒತ್ತಿದರೆ ಒಂದು ಚುಕ್ಕೆಯೂ ಮೂಡ್ತಿಲ್ಲ, ಕೀಬೋರ್ಡ್ ಕೆಟ್ಟಿದೆ ಅಂದ್ಕೊಂಡಳು. ಅದು ಹಾಗೇ, ಕಾಣದಿದ್ದರೂ ಒಳಗೆ ಹೋಗ್ತಿರುತ್ತೆ ಅಂತ ಗೊತ್ತಾಗೋಕೆ ಎರಡು ದಿನ ಹಿಡೀತು. ಇಂಥ ಸಣ್ಣ ವಿಷಯ ಹೇಳಿಕೊಡೋರೇ ಇಲ್ಲ.

ಈಗ ಎಲ್‌ಎಸ್, ಸಿಡಿ, ಪಿಡಬ್ಲ್ಯುಡಿ ಅನ್ನೋ ಕಮಾಂಡ್‌ಗಳು ಬರುತ್ತೆ. ಆರ್‌ಎಂ ಕಮಾಂಡ್ ಕೊಟ್ಟರೆ ಫೈಲು ಕಸದ ಬುಟ್ಟಿಗೆ ಹೋಗದೆ ನೇರ ಅಳಿಸಿಹೋಗುತ್ತೆ ಅನ್ನೋದನ್ನ ನೋಟ್ಸ್ ಕಳ್ಕೊಂಡೇ ಕಲಿತಳು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನ ಲಿನಕ್ಸ್ ಪಾಠಗಳು ಕನ್ನಡದಲ್ಲಿವೆ, ತುಂಬಾ ಉಪಕಾರ ಆಯ್ತು. ಆದರೆ ಉಬುಂಟು ಅನ್ನೋ ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್ ಹಾಕೋಕೆ ಬಳಸೋ ಎಪಿಟಿ ಕಮಾಂಡ್ ಇಲ್ಲಿ ನಡೆಯಲ್ಲ, ಪಿಕೆಜಿ ಬೇಕು. ನೆಟ್ ಇಲ್ಲದಾಗ ಮ್ಯಾನ್ ಪುಟ (ಸಿಸ್ಟಮ್ ಒಳಗೇ ಇರೋ ಕೈಪಿಡಿ) ತೆಗೀತಾಳೆ, ಆ ಇಂಗ್ಲಿಷ್ ತಲೆಗೆ ಹತ್ತಲ್ಲ.

ಫೈಲ್ ಪರ್ಮಿಷನ್, ಪೈಪ್, ವಿಐ ಎಡಿಟರ್ ಬಗ್ಗೆ ಕನ್ನಡದಲ್ಲಿ ಬರೆದ ನೋಟ್ಸ್ ಇದ್ರೆ ಕಳಿಸಿ, ಪ್ರಿಂಟ್ ಹಾಕಿಸ್ತೀನಿ. ಚಿಕ್ಕಬಳ್ಳಾಪುರ, ಚಿಂತಾಮಣಿ ಕಡೆ ಗೊತ್ತಿರೋರಿದ್ರೆ ಒಂದು ಭಾನುವಾರ ನಾವೇ ಬರ್ತೀವಿ. ಉಬುಂಟು ಹಾಕಿ ಅಂತ ದಯವಿಟ್ಟು ಹೇಳಬೇಡಿ. ಇದನ್ನೇ ಕಲೀತೀನಿ ಅಂತ ಹಠ ಹಿಡಿದಿದ್ದಾಳೆ, ನನಗೂ ಅದೇ ಇಷ್ಟ.