ಪ್ರಶ್ನೋತ್ತರ: ಡಿಎಂಎನ್, ಬಿಸಿನೆಸ್ ರೂಲ್ಸ್ ಮತ್ತು ಚಿನ್ನದ ಸಾಲದ ಟೇಬಲ್

ಸಹಕಾರಿ ಬ್ಯಾಂಕ್ ಐಟಿ: ನಮಸ್ಕಾರ ಸರ್. ಆರ್‌ಬಿಐನ 2025ರ ನಿರ್ದೇಶನದಂತೆ ಕನ್ಸಂಪ್ಶನ್ (ಸ್ವಂತ ಖರ್ಚಿನ) ಚಿನ್ನದ ಸಾಲಕ್ಕೆ ಎಲ್‌ಟಿವಿ (ಚಿನ್ನದ ಬೆಲೆಯ ಶೇ. ಎಷ್ಟರವರೆಗೆ ಸಾಲ ಕೊಡಬಹುದು ಅನ್ನೋ ಮಿತಿ) ಟೇಬಲ್ ಅನ್ನು ಡಿಎಂಎನ್‌ನಲ್ಲಿ (ನಿರ್ಧಾರದ ನಿಯಮಗಳನ್ನು ಟೇಬಲ್ ಆಗಿ ಬರೆಯುವ ಸ್ಟ್ಯಾಂಡರ್ಡ್) ಮಾಡಿದ್ದೇವೆ. ಹಿಟ್ ಪಾಲಿಸಿ (ಯಾವ ಸಾಲಿನ ಉತ್ತರ ತಗೊಳ್ಳಬೇಕು ಅನ್ನೋದು) ಫಸ್ಟ್, ಅಂದರೆ ಮೊದಲು ಹೊಂದಿದ ಸಾಲು. ಒಟ್ಟು ಸಾಲ 2,50,000ದವರೆಗೆ 85, 5,00,000ದವರೆಗೆ 80, ಕೊನೆಯ ಸಾಲು ಡ್ಯಾಶ್, 75. ಹೊಸ ಗ್ರಾಹಕರ ಅರ್ಜಿಗಳು ಮಿತಿ ಮೀರಿದ್ದರೂ ‘ಮಂಜೂರು’ ಅಂತ ಬರ್ತಿವೆ. ಎರರ್ ಏನೂ ಇಲ್ಲ.

ಉತ್ತರ: ಎರರ್ ಇಲ್ಲ ಅನ್ನೋದೇ ಇಲ್ಲಿ ಭಯದ ವಿಷಯ. ಒಟ್ಟು ಸಾಲ = ಹಳೆ ಬಾಕಿ + ಹೊಸ ಮೊತ್ತ ಅಂತ ಲೆಕ್ಕ ಹಾಕಿರುತ್ತೀರಿ. ಹೊಸ ಗ್ರಾಹಕನಿಗೆ ಹಳೆ ಬಾಕಿ ಸೊನ್ನೆ ಅಲ್ಲ, ನಲ್ (ಮೌಲ್ಯವೇ ಇಲ್ಲದ ಖಾಲಿ) ಬರ್ತಿದೆ. ಡಿಎಂಎನ್‌ನ ಫೀಲ್ ಭಾಷೆಯಲ್ಲಿ ನಲ್‌ಗೆ 2,00,000 ಕೂಡಿಸಿದರೂ ನಲ್ಲೇ. ಅದು ಮೊದಲೆರಡು ಸಾಲಿಗೆ ಹೊಂದಲ್ಲ. ಡ್ಯಾಶ್ ಎಲ್ಲವನ್ನೂ ಒಪ್ಪುತ್ತೆ, ನಲ್ ಅನ್ನೂ. 75 ಬಂತು. ಮುಂದಿನ ಹೆಜ್ಜೆಯಲ್ಲಿ ‘ಒಟ್ಟು ಸಾಲ > ಮಿತಿ ಆದರೆ ತಿರಸ್ಕಾರ, ಇಲ್ಲದಿದ್ದರೆ ಮಂಜೂರು’ ಅಂತ ಬರೆದಿದ್ದೀರಿ ಅಲ್ವಾ? ನಲ್ ಜೊತೆ ಹೋಲಿಸಿದರೆ ಉತ್ತರ ನಲ್. ಷರತ್ತು ನಿಜ ಅಲ್ಲದಿದ್ದರೆ ಇಫ್ ನೇರ ಎಲ್ಸ್‌ಗೆ ಹೋಗುತ್ತೆ. ಮಂಜೂರು!

ಹೀಗೆ ಮಾಡಿ. ಹಿಟ್ ಪಾಲಿಸಿ ಯುನೀಕ್‌ಗೆ (ಒಂದೇ ಒಂದು ಸಾಲು ಹೊಂದಬೇಕು) ಬದಲಿಸಿ. ಸಾಲುಗಳು: <= 250000, (250000..500000] (ಅಂದರೆ 2,50,000ಕ್ಕಿಂತ ಹೆಚ್ಚು, 5,00,000ದವರೆಗೆ), > 500000. >= 250001 ಅಂತ ಬರೀಬೇಡಿ, 2,50,000 ರೂಪಾಯಿ 50 ಪೈಸೆ ಯಾವ ಸಾಲಿಗೂ ಸೇರದೆ ಉಳಿಯುತ್ತೆ. ಮಂಜೂರಾತಿ ಷರತ್ತನ್ನು ತಿರುಗಿಸಿ: ಒಟ್ಟು ಸಾಲ <= ಮಿತಿ ಆದರೆ ಮಂಜೂರು, ಇಲ್ಲದಿದ್ದರೆ ಪರಿಶೀಲನೆಗೆ. ಹಳೆ ಸಾಲ ಇಲ್ಲ ಅಂತ ಕೋರ್ ಬ್ಯಾಂಕಿಂಗ್ ಖಚಿತಪಡಿಸಿದಾಗ ಮಾತ್ರ 0 ಹಾಕಿ. ಮಾಹಿತಿಯೇ ಸಿಗದಿದ್ದಾಗ ಹಾಕಬೇಡಿ. ಟೆಸ್ಟ್‌ಗೆ 2,50,000, 2,50,000.50, 5,00,000, 5,00,000.50, ನಲ್ ಇಷ್ಟಾದರೂ ಇರಲಿ. ಈಗಾಗಲೇ ಮಂಜೂರಾದ ಕಡತಗಳನ್ನು ಇವತ್ತೇ ತೆಗೆಸಿ ನೋಡಿ.

ಟೆಸ್ಟರ್: ಬುಲೆಟ್ ರೀಪೇಮೆಂಟ್ (ಅಸಲು, ಬಡ್ಡಿ ಎರಡನ್ನೂ ಕೊನೆಗೆ ಒಟ್ಟಿಗೆ ಕಟ್ಟುವ) ಸಾಲಕ್ಕೂ ಇದೇ ಟೇಬಲ್ ಸಾಕಾ?

ಉತ್ತರ: ಟೇಬಲ್ ಸಾಕು, ಇನ್‌ಪುಟ್ ಬೇರೆ. ಅವಧಿ ಮುಗಿದಾಗ ಕಟ್ಟಬೇಕಾದ ಪೂರ್ತಿ ಮೊತ್ತ ಹಿಡಿಯಬೇಕು. 2,40,000ಕ್ಕೆ ಶೇ. 12ರಂತೆ ವರ್ಷಕ್ಕೆ 2,68,800. ಚಿನ್ನದ ಬೆಲೆ 3,00,000 ಇದ್ದರೆ ಶೇ. 80ರ ಮಿತಿ 2,40,000, ಅದು ಮೀರಿತು.

ಡ್ರೂಲ್ಸ್ (ರೂಲ್ ಓಡಿಸುವ ಎಂಜಿನ್) ಅಭಿಮಾನಿ: ಇಷ್ಟೆಲ್ಲಾ ಯಾಕೆ? ಗ್ರೂಪಿನಲ್ಲಿ ಬಂದಿತ್ತಲ್ಲ, ಮುಖ್ಯ ರೂಲ್‌ಗೆ ಸೇಲಿಯೆನ್ಸ್ (ಆದ್ಯತೆಯ ಅಂಕ) 100 ಹಾಕಿ, ಮುಗೀತು.

ಉತ್ತರ: ಆ ಫಾರ್ವರ್ಡ್ ಮತ್ತೆ ಹಾಕಬೇಡಿ. ಸೇಲಿಯೆನ್ಸ್ ಓಡುವ ಕ್ರಮ ಬದಲಿಸುತ್ತೆ, ನಲ್ ಅನ್ನು ಸರಿಮಾಡಲ್ಲ. ನಾಳೆ ಇನ್ನೊಬ್ಬರು 200 ಹಾಕ್ತಾರೆ. ಫಸ್ಟ್ ಬಗ್ಗೆಯೂ ಅಷ್ಟೇ: ಸಾಲುಗಳ ಕ್ರಮವೇ ಅರ್ಥ ಆಗಿಬಿಡುತ್ತೆ. ಯಾರೋ ಎಕ್ಸೆಲ್‌ನಲ್ಲಿ ಸಾರ್ಟ್ ಮಾಡಿದರೆ 2 ಲಕ್ಷದ ಸಾಲಕ್ಕೂ 80. ಅದು ಒಳ್ಳೆ ಪದ್ಧತಿಯಲ್ಲ ಅಂತ ಡಿಎಂಎನ್ ಸ್ಪೆಸಿಫಿಕೇಶನ್‌ನಲ್ಲೇ ಇದೆ.

ಬಿಸಿನೆಸ್ ಅನಲಿಸ್ಟ್: ಮೂಲ ತಪ್ಪು ಬೇರೆ. ‘ಒಟ್ಟು ಸಾಲ’ ಅಂದರೇನು ಅಂತ ಯಾರೂ ಬರೆದಿಟ್ಟಿಲ್ಲ. ಅದಕ್ಕೇ 2008ರಲ್ಲಿ ಸ್ಟ್ಯಾಂಡರ್ಡ್ ಸಂಸ್ಥೆ ಓಎಂಜಿ ಎಸ್‌ಬಿವಿಆರ್ (ಬಿಸಿನೆಸ್ ಪದಗಳನ್ನೂ ನಿಯಮಗಳನ್ನೂ ಬರೆದಿಡುವ ಸ್ಟ್ಯಾಂಡರ್ಡ್) ತಂದಿದ್ದು. ಮೊದಲು ಪದಕೋಶ, ಆಮೇಲೆ ರೂಲ್.

ಡ್ರೂಲ್ಸ್ ಅಭಿಮಾನಿ: ಎಸ್‌ಬಿವಿಆರ್ ಓಡಿಸುವ ಎಂಜಿನ್ ತೋರಿಸಿ ನೋಡೋಣ.

ಬಿಸಿನೆಸ್ ಅನಲಿಸ್ಟ್: ಓಡಿಸೋಕಲ್ಲ ಸ್ವಾಮಿ, ಒಪ್ಪಂದಕ್ಕೆ ಬರೋಕೆ. ಮುರಿಯಲು ಸಾಧ್ಯವೇ ಇಲ್ಲದ ನಿಯಮ, ಮುರಿದರೆ ಕ್ರಮ ಬೇಕಾದ ನಿಯಮ, ಇವೆರಡನ್ನೂ ಅದು ಬೇರೆ ಇಡುತ್ತೆ. ನಿಮ್ಮ ಕೋಡ್ ಇಡುತ್ತಾ?

ಡ್ರೂಲ್ಸ್ ಅಭಿಮಾನಿ: ಕೋಡ್ ಬರೆಯದವರ ಉಪದೇಶ ಸಾಕು.

ಉತ್ತರ: ಇಬ್ಬರೂ ಬೇರೆ ಥ್ರೆಡ್‌ಗೆ ಹೋಗಿ. ಪದಕೋಶದ ಮಾತು ಮಾತ್ರ ಸರಿ. 2003ರ ಬಿಸಿನೆಸ್ ರೂಲ್ಸ್ ಮ್ಯಾನಿಫೆಸ್ಟೋ ಹೇಳೋದೂ ಅದನ್ನೇ.

ಹೊಸ ಸದಸ್ಯ: ನಮ್ಮ ಡಿಎಂಎನ್ 1.1 ಫೈಲ್ ಬೇರೆ ಟೂಲ್‌ನಲ್ಲಿ ತೆರೆದರೆ ಚಿತ್ರ ಬರಲ್ಲ.

ಉತ್ತರ: ಚಿತ್ರದ ವಿನ್ಯಾಸ ಸ್ಟ್ಯಾಂಡರ್ಡ್‌ಗೆ ಬಂದಿದ್ದು 1.2ರಲ್ಲಿ. ಹೊಸದಾಗಿ ಬರೆಯಿರಿ.

ಮತ್ತೊಬ್ಬ ಸದಸ್ಯ: ಡಿಫಾಲ್ಟ್ ಔಟ್‌ಪುಟ್ (ಯಾವ ಸಾಲೂ ಹೊಂದದಿದ್ದರೆ ಬರುವ ಉತ್ತರ) 75 ಇಟ್ಟರೆ ಸಾಕಲ್ವಾ ಸರ್?

ಉತ್ತರ: ಮೇಲೆ ಓದಿ.

ಇನ್ನೊಬ್ಬ ಸದಸ್ಯ: ಸರ್, ಡ್ಯಾಶ್ ಬದಲು ಡಿಫಾಲ್ಟ್ 75 ಹಾಕಬಹುದಾ?

ಉತ್ತರ: ಅದೇ ತಪ್ಪು, ಬೇರೆ ಕಾಲಂನಲ್ಲಿ. ಓದದೆ ಕೇಳಬೇಡಿ.

ಸದಸ್ಯ: ವೆಬ್ ಸ್ಟ್ಯಾಂಡರ್ಡ್ ಸಂಸ್ಥೆ ಡಬ್ಲ್ಯು3ಸಿ 2010ರಲ್ಲಿ ತಂದ ರಿಫ್‌ (ರೂಲ್ ವಿನಿಮಯದ ಸ್ಟ್ಯಾಂಡರ್ಡ್)ನಲ್ಲಿರೋ ರೂಲ್‌ಗಳನ್ನ ಡಿಎಂಎನ್‌ಗೆ ತರೋಕೆ ದಾರಿ ಇದೆಯಾ?

ಡ್ರೂಲ್ಸ್ ಅಭಿಮಾನಿ: ಪದಕೋಶದವರನ್ನ ಕೇಳಿ.

ಸಹಕಾರಿ ಬ್ಯಾಂಕ್ ಐಟಿ: ಸರ್, ಹಳೆ ಬಾಕಿ ನಲ್ಲೇ ಬರ್ತಿತ್ತು. ಹದಿನೇಳು ಕಡತ ಸಿಕ್ಕಿವೆ. ಹಣ ಕೊಟ್ಟಾಗಿದೆ, ಈಗೇನು ಮಾಡೋದು?

ಉತ್ತರ: ಕಂಪ್ಲಯನ್ಸ್ ಅಧಿಕಾರಿಗೆ ಲಿಖಿತವಾಗಿ ಕೊಡಿ. ಟೇಬಲ್‌ನ ಹಳೆ ಆವೃತ್ತಿ, ಲಾಗ್ ಅಳಿಸಬೇಡಿ.