‘ಸಮಾಂತರ’ ಜೋಡಣೆಗೆ ಬೇರೆ ಪದ ಇದೆಯಾ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ವಿದ್ಯುತ್ ಪಾಠದ ಒಂದು ಪದದ ತಕರಾರು.

ನಮ್ಮ ಅಕ್ಕನ ಮಗ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಆಟಿಕೆ ಕ್ರೇನ್ ಮಾಡುತ್ತಿದ್ದಾನೆ. 4 ಬೋಲ್ಟಿಗೆ ವೈಂಡಿಂಗ್ ತಂತಿ ಸುತ್ತಿ 4 ವಿದ್ಯುತ್ಕಾಂತ ಮಾಡಿದ್ದ. 12 ವೋಲ್ಟಿನ ಅಡಾಪ್ಟರ್ ಕೊಟ್ಟರೆ ನಾಲ್ಕು ಗುಂಡುಸೂಜಿ ಬಿಟ್ಟು ಬೇರೇನೂ ಏಳಲಿಲ್ಲ. “ಸಮಾಂತರವಾಗೇ ಜೋಡಿಸಿದೀನಿ ಮಾಮ, ಪುಸ್ತಕದಲ್ಲಿರೋ ಹಾಗೇ” ಅಂದ. ನೋಡಿದರೆ ಅದೂ ನಿಜವೇ! ನಾಲ್ಕೂ ಬೋಲ್ಟು ಸ್ಕೇಲಿಟ್ಟು ಅಳೆದ ಹಾಗೆ ಅಕ್ಕಪಕ್ಕ ನಿಂತಿವೆ. ತಂತಿ ಮಾತ್ರ ಒಂದರ ಬಾಲದಿಂದ ಇನ್ನೊಂದರ ತಲೆಗೆ ಹೋಗಿದೆ. ಅಂದರೆ ಅದು ಸರಣಿ ಜೋಡಣೆ.

ಹುಡುಗನನ್ನು ಬೈಯಲು ಮನಸ್ಸಾಗಲಿಲ್ಲ. ಗಣಿತದಲ್ಲಿ ಸಮಾಂತರ ರೇಖೆ ಅಂದರೆ ಎಂದೂ ಕೂಡದ ಗೆರೆಗಳು. ಇಲ್ಲಿ ಸಮಾಂತರ ಅಂದರೆ ಎಲ್ಲ ಕಾಯಿಲ್‌ಗಳ (ಬೋಲ್ಟಿಗೆ ಸುತ್ತಿದ ತಂತಿಸುರುಳಿಗಳ) ಒಂದು ತುದಿ ಪ್ಲಸ್ಸಿನಲ್ಲಿ, ಇನ್ನೊಂದು ತುದಿ ಮೈನಸ್ಸಿನಲ್ಲಿ ಕೂಡಲೇಬೇಕು. ಪೂರ್ತಿ ಉಲ್ಟಾ ಅಲ್ವಾ?

ವ್ಯತ್ಯಾಸವೂ ಸಣ್ಣದಲ್ಲ. ಅವನ ಒಂದೊಂದು ಕಾಯಿಲ್‌ನ ರೋಧ, ಅಂದರೆ ಕರೆಂಟಿಗೆ ಒಡ್ಡುವ ತಡೆ, 24 ಓಮ್ ಇತ್ತು. ಸರಣಿಯಲ್ಲಿ ಒಟ್ಟು 96 ಓಮ್, ಹರಿಯುವುದು ಬರೀ 0.125 ಆಂಪಿಯರ್. ಸಮಾಂತರವಾದರೆ ಒಂದೊಂದಕ್ಕೂ 0.5, ಅಂದರೆ ನಾಲ್ಕು ಪಟ್ಟು. ಆದರೆ ಆಗ ಒಟ್ಟು 2 ಆಂಪಿಯರ್ ಬೇಕು, ಅವನ ಅಡಾಪ್ಟರ್ 1 ಆಂಪಿಯರಿನದು. ಅದನ್ನೂ ಬದಲಿಸಬೇಕಾಯಿತು.

ಮಂಡಿಪೇಟೆ ಕಡೆ ಒಂದು ಮೋಟರ್ ವೈಂಡಿಂಗ್ ಅಂಗಡಿಗೆ ಕರೆದುಕೊಂಡು ಹೋದೆ. ಅವರು ಒಮ್ಮೆ ತಂತಿ ನೋಡಿ, “ಇದು ಸೀರಿಯಲ್ ಸೆಟ್ ಆಗೈತಿ ಸಾರ್” ಅಂದರು. ಗಣಪತಿ ಪೆಂಡಾಲಿಗೆ ಹಾಕುವ ದೀಪದ ಸರ! ಒಂದು ಬಲ್ಬ್ ಹೋದರೆ ಸಾಲಿಗೆ ಸಾಲೇ ಆರುತ್ತದಲ್ಲ, ಅದು. ಹುಡುಗನಿಗೆ ಆ ಕ್ಷಣವೇ ಹೊಳೆಯಿತು. ಇನ್ನೊಂದು ಮಾತೂ ಹೇಳಿದರು: “ಸ್ವಿಚ್ ಆಫ್ ಮಾಡ್ದಾಗ ಕಾಯಿಲ್ ಹಿಂದಕ್ಕೆ ಒದೀತೈತಿ, ಅಡ್ಡ ಒಂದೊಂದು ಡಯೋಡ್ ಉಲ್ಟಾ ಹಾಕು.” ಕರೆಂಟು ತಟ್ಟನೆ ನಿಂತಾಗ ಕಾಯಿಲ್‌ನಲ್ಲಿ ಏಳುವ ಜೋರು ವೋಲ್ಟೇಜಿಗೆ ಅವರು ಹಾಗಂದದ್ದು; ಡಯೋಡ್ ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ. ಒದೆಯೋದು! ಇದಕ್ಕಿಂತ ಒಳ್ಳೆ ಕ್ರಿಯಾಪದ ನಾನಂತೂ ಹುಡುಕಲಾರೆ.

ಅಂದರೆ ಸರಣಿಗೆ ಜನರ ಬಾಯಲ್ಲಿ ಪದ ಇದೆ, ಅದು ಇಂಗ್ಲಿಷಿನಿಂದ ಬಂದ ‘ಸೀರಿಯಲ್’ ಆಗಿದ್ದರೂ ಸರಿ. ಸಮಾಂತರಕ್ಕೆ? ಅಂಗಡಿಯವರೂ “ಪ್ಯಾರಲಲ್” ಅಂತಲೇ ಅಂದರು.

ನನಗೆ ತೋಚಿದ್ದು ‘ಕವಲು ಜೋಡಣೆ’. ನಮ್ಮ ಕಡೆ ಭದ್ರಾ ನಾಲೆ ನೋಡಿದವರಿಗೆ ಇದು ಬೇಗ ಹತ್ತುತ್ತದೆ: ಒಂದು ಗದ್ದೆಯ ನೀರು ಇನ್ನೊಂದಕ್ಕೆ ಇಳಿದರೆ ಸಾಲು, ಒಂದೊಂದು ಗದ್ದೆಗೂ ನಾಲೆಯಿಂದಲೇ ಬೇರೆ ತೂಬು ಇದ್ದರೆ ಕವಲು. ಆದರೆ ಈ ಹೋಲಿಕೆ ಒಂದು ಕಡೆ ಕೈಕೊಡುತ್ತದೆ. ಗದ್ದೆ ಸಾಲಿನಲ್ಲಿ ಕೊನೆಯವನಿಗೆ ನೀರು ಕಮ್ಮಿ. ಕಾಯಿಲ್ ಸಾಲಿನಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ಹರಿಯುವುದು ಒಂದೇ, ಎಲ್ಲರಿಗೂ ಸಮನಾಗಿ ಕಮ್ಮಿ. ಕೊನೆ ಭಾಗದ ರೈತರ ಜಗಳ ಇಲ್ಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ‘ಕವಲು’ ಈ ಅರ್ಥದಲ್ಲಿ ಎಲ್ಲಾದರೂ ಬಳಕೆಯಲ್ಲಿದೆಯಾ? ನಿಮ್ಮ ಊರಿನ ವೈರಿಂಗ್‌ನವರು, ಪಂಪ್‌ಸೆಟ್ ರಿಪೇರಿಯವರು ಏನನ್ನುತ್ತಾರೆ? ಸುಮ್ನೆ ಹೊಸದಾಗಿ ಕಟ್ಟಿದ ಪದ ಬೇಡ, ಕಿವಿಯಾರೆ ಕೇಳಿದ್ದು ಬೇಕು. ಹುಡುಗ ಚಾರ್ಟಿನಲ್ಲಿ ‘ಸಮಾಂತರ’ ಅಂತ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾನೆ. ಸ್ಕೆಚ್ ಪೆನ್ ಓಡಿಸೋ ಮುಂಚೆ ತಿಳಿಸಿದರೆ ಉಪಕಾರ.